ಒಂದು ಹಳ್ಳ, ಮೂರು ನೆರೆ

ಭಟ್ಕಳದಿಂದ ಬೈಂದೂರಿನತ್ತ ಬರುವಾಗ ಹೆದ್ದಾರಿಯ ಅಡಿಯಲ್ಲಿ ಎಷ್ಟು ಹಳ್ಳಗಳು ನುಸುಳುತ್ತವೆ ಎಂದು ಎಣಿಸಹೊರಟರೆ ಲೆಕ್ಕ ತಪ್ಪುತ್ತದೆ. ಘಟ್ಟದ ಮಗ್ಗುಲಲ್ಲಿ ಹುಟ್ಟಿ, ಧಡಧಡನೆ ಇಳಿದು ಕಡಲು ಸೇರುವ ನೀರು. ನೇತ್ರಾವತಿಯನ್ನು ಬಂಟ್ವಾಳದಲ್ಲಿ, ಅಘನಾಶಿನಿಯನ್ನು ಸಂತೆಗುಳಿಯಲ್ಲಿ ಕೇಂದ್ರ ಜಲ ಆಯೋಗ ಅಳೆಯುತ್ತದೆ. ಇಂಥ ಸಣ್ಣ ಹಳ್ಳಗಳನ್ನು ಕೇಳುವವರಿಲ್ಲ. ಆದರೂ ಅವುಗಳ ಮೇಲೆ ಮೋರಿ ಕಟ್ಟಲೇಬೇಕಲ್ಲ, ಅದರ ಬಾಯಿ ಎಷ್ಟು ಅಗಲವಿರಬೇಕು?

ಹತ್ತು ಚದರ ಕಿಲೋಮೀಟರ್ ಜಲಾನಯನದ ಒಂದು ಹಳ್ಳ ಇದೆ ಎನ್ನೋಣ. ಮದ್ರಾಸ್ ಪ್ರಾಂತ್ಯದ ನದಿಗಳಿಗೆಂದು 1884ರಲ್ಲಿ ಬಂದ ರೈವ್ಸ್ ಸೂತ್ರಕ್ಕೆ, ಬೆಟ್ಟದ ಬುಡಕ್ಕೆ ಹೇಳಿದ 10.2 ಎಂಬ ದೊಡ್ಡ ಗುಣಾಂಕವನ್ನೇ ಹಾಕಿದರೂ, ಸಿಗುವ ನೆರೆಯ ಗರಿಷ್ಠ ಹರಿವು ಸೆಕೆಂಡಿಗೆ 47 ಘನಮೀಟರ್. ಮುಂಬೈ ಪ್ರಾಂತ್ಯದ ಇಂಗ್ಲಿಸ್ ಸೂತ್ರ ಅದೇ ಹಳ್ಳಕ್ಕೆ 275 ಎನ್ನುತ್ತದೆ. ಆ ಕಾಲದಲ್ಲಿ ಉತ್ತರ ಕನ್ನಡ ಮುಂಬೈಗೆ, ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿದ್ದವು. ಗಡಿ ಇಲ್ಲೇ ಹಾದಿತ್ತು. ಮೋಡಕ್ಕೆ ಆ ಗಡಿ ಗೊತ್ತಿರಲಿಲ್ಲ ಅಷ್ಟೇ. ಎರಡೂ ಸೂತ್ರಗಳು ಕೇಳುವುದು ವಿಸ್ತೀರ್ಣವನ್ನು ಮಾತ್ರ. ಮಳೆ ಗುಣಾಂಕದೊಳಗೆ ಅಡಗಿದೆ, ಅದೂ ಬೇರೆಲ್ಲೋ ಸುರಿದ ಮಳೆ.

ಮಳೆಯನ್ನು ನೇರವಾಗಿ ಲೆಕ್ಕಕ್ಕೆ ತರುವುದು ರ‍್ಯಾಷನಲ್ ವಿಧಾನ. ಗಂಟೆಗೆ 60 ಮಿ.ಮೀ. ಮಳೆ ಬಿದ್ದು, ಹತ್ತರಲ್ಲಿ ಏಳು ಪಾಲು ಹರಿದರೆ 117 ಘನಮೀಟರ್. ಆದರೆ ಆ 60 ಎಲ್ಲಿಂದ ತರುವುದು? ಸಾಮಾನ್ಯ ಮಳೆಮಾಪಕವನ್ನು ದಿನಕ್ಕೊಮ್ಮೆ, ಬೆಳಗಿನ ಎಂಟೂವರೆಗೆ ಓದುತ್ತಾರೆ. ಇಪ್ಪತ್ತನಾಲ್ಕು ಗಂಟೆಯಲ್ಲಿ 200 ಮಿ.ಮೀ. ಎಂದರೆ ದಿನವಿಡೀ ಜಿನುಗಿರಬಹುದು, ಮೂರೇ ಗಂಟೆಯಲ್ಲಿ ಸುರಿದುಬಿಟ್ಟಿರಲೂಬಹುದು. ತುದಿಯ ನೀರು ಒಂದೆರಡು ಗಂಟೆಯಲ್ಲಿ ಮೋರಿಗೆ ಬಂದು ಮುಟ್ಟುವ ಹಳ್ಳಕ್ಕೆ ಇವೆರಡೂ ಒಂದೇ ಅಲ್ಲ. ಜುಲೈ ಹೊತ್ತಿಗೆ ನೆಲ ನೆನೆದು ತೊಪ್ಪೆಯಾಗಿರುತ್ತದೆ, ಆಗ ಏಳು ಪಾಲು ಒಂಬತ್ತಾದರೂ ಆಶ್ಚರ್ಯವಿಲ್ಲ.

ನನಗೆ ಇವೆಲ್ಲಕ್ಕಿಂತ ಹಳೆಯ ಮನೆಯ ಗೋಡೆಯ ಮೇಲೆ ನಂಬಿಕೆ ಹೆಚ್ಚು. ‘ನೀರು ಇಲ್ಲಿವರೆಗೆ ಬಂದಿತ್ತು’ ಎಂದು ಅಜ್ಜಿಯೊಬ್ಬರು ಕೈಯಿಟ್ಟು ತೋರಿಸಿದರೆ ಅದು ದತ್ತಾಂಶವೇ. ಬಂಟ್ವಾಳದ ಕಡೆ 1923ರ ಮಾರಿಬೊಳ್ಳವನ್ನು, ಅಂದರೆ ಮಹಾನೆರೆಯನ್ನು, ಜನ ಇಂದಿಗೂ ಅಳತೆಗೋಲಾಗಿ ಬಳಸುತ್ತಾರೆ. ದಂಡೆಯುದ್ದಕ್ಕೆ ಇಂಥ ನಾಲ್ಕಾರು ಗುರುತುಗಳು ಸಿಕ್ಕರೆ ನೀರಿನ ಮೇಲ್ಮೈಯ ಇಳಿಜಾರು ತಿಳಿಯುತ್ತದೆ. ಹಳ್ಳದ ಅಡ್ಡಕೊಯ್ತವನ್ನು ಅಳೆದು, ಇಳಿಜಾರು, ಆಳ, ಒರಟುತನಗಳಿಂದ ನೀರಿನ ವೇಗ ಹೇಳುವ ಮ್ಯಾನಿಂಗ್ ಸಮೀಕರಣದಿಂದ ವೇಗ, ಅದರಿಂದ ಹರಿವು. ಎಡವುವುದು ಪಾತ್ರದ ಒರಟುತನದಲ್ಲಿ: ಚೊಕ್ಕ ಪಾತ್ರಕ್ಕೆ 0.03, ಬಂಡೆ-ಮುಂಡುಗ ತುಂಬಿದ್ದಕ್ಕೆ 0.05. ಈ ಒಂದು ಆಯ್ಕೆಯಲ್ಲೇ ಉತ್ತರ ಶೇಕಡಾ 40ರಷ್ಟು ಇಳಿಯುತ್ತದೆ. ಅಳಿವೆಯ ಹತ್ತಿರವಂತೂ ಗುರುತೇ ಮೋಸ ಮಾಡೀತು. ಉಬ್ಬರ ತಡೆದು ನಿಲ್ಲಿಸಿದ ನೀರೂ ಗೋಡೆಯನ್ನು ಅಷ್ಟೇ ಎತ್ತರಕ್ಕೆ ಒದ್ದೆ ಮಾಡುತ್ತದೆ.

ಮುಂದಿನ ನೆರೆಗಾದರೂ ಅಜ್ಜಿಯ ನೆನಪನ್ನೇ ಕಾಯಬೇಕಿಲ್ಲ. ದಂಡೆಯಲ್ಲಿ ನಿಲ್ಲಿಸಿದ, ತಳದಲ್ಲಿ ತೂತಿರುವ ಒಂದು ಕೊಳವೆ, ಒಳಗೊಂದು ಮರದ ಪಟ್ಟಿ, ಚಿಟಿಕೆ ಬೆಂಡಿನ ಪುಡಿ. ನೀರು ಏರಿದಂತೆ ಪುಡಿ ತೇಲಿ ಮೇಲೇರುತ್ತದೆ, ಇಳಿದಾಗ ಪಟ್ಟಿಗೆ ಅಂಟಿ ಅಲ್ಲೇ ಉಳಿಯುತ್ತದೆ. ನಡುರಾತ್ರಿ ಬಂದು ಹೋದ ನೆರೆಯ ನೆತ್ತಿಯನ್ನು ಬೆಳಿಗ್ಗೆ ಪಟ್ಟಿ ಎಳೆದು ಟೇಪು ಹಿಡಿದು ಓದಿಕೊಳ್ಳಬಹುದು.