ಮಂಕಾದ ಮೀಟರಿಗೆ ಮೊದಲ ಮದ್ದು ಎಲ್‌ಇಡಿ ಅಲ್ಲ

‘ರಾತ್ರಿ ಸ್ಪೀಡೊಮೀಟರ್ ಕಾಣುವುದೇ ಇಲ್ಲ, ಒಳ್ಳೆಯ ಎಲ್‌ಇಡಿ ಹಾಕಿಕೊಡಿ’ ಎಂದು ಹಳೆಯ ಕಾರಿನ ಮಾಲೀಕರು ಬಂದಾಗ ನಾನು ಮೊದಲು ಕೈಗೆತ್ತಿಕೊಳ್ಳುವುದು ವೋಲ್ಟೇಜ್ ಅಳೆಯುವ ಮಲ್ಟಿಮೀಟರ್. ಈಚೆಗೆ ಬಂದ ಒಂದು ಕಾರಿನಲ್ಲಿ ಬ್ಯಾಟರಿಯ ಬಳಿ 12.4 ವೋಲ್ಟ್ ಇತ್ತು. ಮೀಟರಿನ ಹಿಂದಿನ ಬಲ್ಬಿಗೆ ತಲುಪುತ್ತಿದ್ದದ್ದು 9.9. ಎರಡೂವರೆ ವೋಲ್ಟ್ ತಾನೇ ಎನ್ನಬೇಡಿ. ತಂತಿ ಬಲ್ಬಿನ ಬೆಳಕು ವೋಲ್ಟೇಜಿನ ಸಮಸಮಕ್ಕೆ ಇಳಿಯುವುದಿಲ್ಲ, ಅದರ ಸುಮಾರು ಮೂರೂವರೆ ಘಾತದ ಲೆಕ್ಕದಲ್ಲಿ ಕುಸಿಯುತ್ತದೆ. ವೋಲ್ಟೇಜಿನಲ್ಲಿ ಐದನೇ ಒಂದು ಪಾಲು ಹೋದರೆ ಬೆಳಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಯಿತು.

ಆ ವೋಲ್ಟೇಜ್ ಎಲ್ಲಿ ಸೋರಿಹೋಗುತ್ತದೆ? ಬಹುಪಾಲು ಅರ್ತ್‌ನಲ್ಲಿ, ಅಂದರೆ ಕರೆಂಟು ಕಾರಿನ ಲೋಹದ ಮೈ ಮೂಲಕ ಬ್ಯಾಟರಿಗೆ ಮರಳುವ ಜೋಡಣೆಯಲ್ಲಿ. ಹಳೆಯ ಮೀಟರಿನ ಲೋಹದ ಡಬ್ಬಿ ಡ್ಯಾಶ್‌ಬೋರ್ಡಿಗೆ ತಾಗಿಕೊಂಡೇ ಅರ್ತ್ ಪಡೆಯುತ್ತದೆ. ಯಾರೋ ಡ್ಯಾಶ್‌ಬೋರ್ಡಿಗೆ ಚೆಂದವಾಗಿ ಹೊಸ ಬಣ್ಣ ಹೊಡೆಸಿರುತ್ತಾರೆ, ತಾಗಬೇಕಾದ ಜಾಗದಲ್ಲಿ ಬಣ್ಣವೇ ಅಡ್ಡ ಕೂತಿರುತ್ತದೆ. ಡಬ್ಬಿಯಿಂದ ಕಾರಿನ ಮೈಗೆ ಒಂದು ವೈರನ್ನು ಸುಮ್ಮನೆ ಒತ್ತಿ ಹಿಡಿದು ನೋಡಿ. ಬಲ್ಬು ಥಟ್ಟನೆ ಬೆಳಗಿದರೆ ಕಳ್ಳ ಸಿಕ್ಕಿಬಿದ್ದ. ಆಮೇಲೆ ಬಲ್ಬ್ ಹೋಲ್ಡರಿನ ಹಿತ್ತಾಳೆಯ ನಾಲಿಗೆ: ಅದರ ಮೇಲಿನ ಹಸಿರು ಕಿಲುಬನ್ನು ನಯವಾದ ಉಜ್ಜುಕಾಗದದಿಂದ ತೆಗೆದು, ನಾಲಿಗೆಯನ್ನು ಒಂದಿಷ್ಟು ಮೇಲೆತ್ತಬೇಕು. ಮೀಟರಿನ ಬೆಳಕನ್ನು ಏರಿಸಿ ಇಳಿಸುವ ಡಿಮ್ಮರಿನ ಸುರುಳಿ ತಂತಿಯೂ ವರ್ಷಗಟ್ಟಲೆ ತಿರುಗಿಸದೆ ಕಪ್ಪಾಗಿರುತ್ತದೆ. ವೈರ್ ಒತ್ತಿ ನೋಡುವ ಪರೀಕ್ಷೆಯೊಂದನ್ನು ಬಿಟ್ಟರೆ, ಇದಿಷ್ಟೂ ಬ್ಯಾಟರಿ ಬಿಚ್ಚಿಟ್ಟು ಮಾಡುವ ಕೆಲಸ.

ಇನ್ನು ಡಬ್ಬಿಯ ಒಳಗು. ಬೆಳಕು ಗೋಡೆಗೆ ಬಡಿದು ಚದುರಿ ಡಯಲ್ ಮೇಲೆ ಬೀಳಲೆಂದು ತಯಾರಕರು ಒಳಗೆ ಬಿಳಿ ಅಥವಾ ತಿಳಿ ಬಣ್ಣ ಬಳಿದಿರುತ್ತಾರೆ. ಮೊನ್ನೆಯ ಡಬ್ಬಿಯ ಒಳಗೋಡೆ ಹಳೆಯ ಕಾಗದದಂತೆ ಕಂದಾಗಿತ್ತು, ಬಲ್ಬಿನ ನೆತ್ತಿಯ ಮೇಲೆ ಸುಟ್ಟ ವೃತ್ತವೊಂದು ಬೇರೆ. ಕೂಡಲೇ ಕಾರಣ ತಿಳಿಯಿತು: ಹಿಂದೆ ಯಾರೋ 2.2 ವ್ಯಾಟಿನ ಜಾಗಕ್ಕೆ 4 ವ್ಯಾಟಿನ ಬಲ್ಬ್ ತುರುಕಿದ್ದರು. ಮಸುಕಿಗೆ ಅವರು ಹುಡುಕಿದ ಪರಿಹಾರವೇ ಬಣ್ಣವನ್ನು ಬೇಯಿಸಿ ಮಸುಕನ್ನು ಹೆಚ್ಚಿಸಿತ್ತು. ಒಳಗೆ ಹೊಸದಾಗಿ ಬಿಳಿ ಬಳಿದೆ. ಡಯಲನ್ನು ಮಾತ್ರ ಮೆತ್ತನೆಯ ಕುಂಚದಿಂದ ಧೂಳು ಕೊಡವಿ ಬಿಟ್ಟೆ. ಒರೆಸಲು ಹೋದರೆ ಅಂಕಿಗಳೇ ಬಟ್ಟೆಗೆ ಬರುತ್ತವೆ. ಮುಳ್ಳಿಗೆ ದಪ್ಪಗೆ ಬಣ್ಣ ಮೆತ್ತುವವರೂ ಇದ್ದಾರೆ. ಅಲ್ಲಿ ಮೂಗಿಗಿಂತ ಮೂಗುತಿ ಭಾರವಾಗಿ, ತೂಕ ತಪ್ಪಿದ ಮುಳ್ಳು ವೇಗವನ್ನೇ ತಪ್ಪು ತೋರಿಸಬಹುದು.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಕೆಲವು ಮೀಟರ್‌ಗಳ ಅಂಕಿಗಳಿಗೆ ವಿಕಿರಣ ಸೂಸುವ ರೇಡಿಯಂ ಬಣ್ಣವಿದೆ. ಈಗ ಅದು ಹೊಳೆಯುವುದಿಲ್ಲ, ಏಕೆಂದರೆ ಬೆಳಕು ಕೊಡುತ್ತಿದ್ದ ಸತುವಿನ ಸಲ್ಫೈಡ್ ಸವೆದಿದೆ. ರೇಡಿಯಂ ಹಾಗೆಯೇ ಇದೆ. ಅದು ಅರ್ಧಕ್ಕಿಳಿಯಲು ಸುಮಾರು 1600 ವರ್ಷ ಬೇಕು. ಅಂಥ ಮೀಟರನ್ನು ಮನೆಯಲ್ಲಿ ಬಿಚ್ಚಬೇಡಿ, ಬಣ್ಣವನ್ನು ಕೆರೆಯುವುದಂತೂ ಬೇಡ.

ಇಷ್ಟಾದ ಮೇಲೂ ಎಲ್‌ಇಡಿ ಬೇಕೆಂದರೆ ನನ್ನ ಅಡ್ಡಿಯಿಲ್ಲ. ಬಿಸಿ ಕಡಿಮೆ, ಬಾಳಿಕೆ ಹೆಚ್ಚು. ಆದರೆ ತಂತಿ ಬಲ್ಬಿಗೆ ಪ್ಲಸ್ ಮೈನಸ್ಸಿನ ಹಂಗಿಲ್ಲ, ಎಲ್‌ಇಡಿಗೆ ಇದೆ; ತಿರುಗಾಮುರುಗಾ ಜೋಡಿಸಿದರೆ ಅದು ಹೊತ್ತುವುದಿಲ್ಲ. 1960ರ ದಶಕದ ಮಧ್ಯದವರೆಗಿನ ಅನೇಕ ಬ್ರಿಟಿಷ್ ಕಾರುಗಳಲ್ಲಿ ಕಾರಿನ ಮೈಗೆ ಜೋಡಿಸಿರುವುದು ಬ್ಯಾಟರಿಯ ಪ್ಲಸ್ ತುದಿಯನ್ನು. ಎಡ ಬಲ ಎರಡೂ ಇಂಡಿಕೇಟರಿಗೆ ಡ್ಯಾಶ್‌ಬೋರ್ಡಿನಲ್ಲಿ ಒಂದೇ ಸೂಚಕ ದೀಪವಿದ್ದರೆ, ಸಾಮಾನ್ಯ ಎಲ್‌ಇಡಿ ಒಂದು ಕಡೆಗೆ ಮಾತ್ರ ಮಿನುಗಿ ಇನ್ನೊಂದು ಕಡೆಗೆ ಸತ್ತಂತಿರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಬ್ಯಾಟರಿ ಚಾರ್ಜ್ ಆಗದಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಸುವ ಚಾರ್ಜಿಂಗ್ ದೀಪದ ಕಥೆ. ಬ್ಯಾಟರಿಯನ್ನು ಚಾರ್ಜ್ ಮಾಡುವ ಬಹಳಷ್ಟು ಆಲ್ಟರ್ನೇಟರ್‌ಗಳನ್ನು ಎಬ್ಬಿಸುವುದೇ ಆ ಪುಟ್ಟ ಬಲ್ಬಿನ ಮೂಲಕ ಹರಿಯುವ ಕರೆಂಟು, ಸುಮಾರು 0.18 ಆಂಪಿಯರ್. ಎಲ್‌ಇಡಿ ಬಿಡುವುದು ಅದರ ಅಲ್ಪ ಪಾಲು. ಹೊಸ ದೀಪ ಥಳಥಳಿಸುತ್ತದೆ, ಬ್ಯಾಟರಿ ಚಾರ್ಜ್ ಆಗದೆ ಉಳಿಯುತ್ತದೆ. ಹಾಗಾಗಿ ಅದೊಂದನ್ನು ನಾನು ಮುಟ್ಟುವುದಿಲ್ಲ. ಹಳೆಯ ಡಿಮ್ಮರ್ ಕೂಡ ಎಲ್‌ಇಡಿಯ ಮಾತು ಕೇಳುವುದಿಲ್ಲ, ಅಷ್ಟು ಸಣ್ಣ ಕರೆಂಟನ್ನು ಅದು ಹಿಡಿಯಲಾರದು; ಬೆಳಕನ್ನು ಬೇಗಬೇಗ ಆರಿಸಿ ಹೊತ್ತಿಸುವ ಪಿಡಬ್ಲ್ಯುಎಂ ಡಿಮ್ಮರ್ ಬೇಕಾಗುತ್ತದೆ.

ಡಿಮ್ಮರ್ ಯಾಕೆ ಇಷ್ಟು ಮುಖ್ಯ? ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯಷ್ಟು ಹಿಡಿಯುತ್ತದೆ. ಮುಖಕ್ಕೆ ಹೊಡೆಯುವ ನೀಲಿ ಛಾಯೆಯ ಬೆಳಕು ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ. ಮೀಟರ್ ಚೆನ್ನಾಗಿ ಕಾಣುತ್ತದೆ, ರಸ್ತೆ ಕಾಣುವುದಿಲ್ಲ. ಎಲ್‌ಇಡಿ ಕೊಳ್ಳುವಾಗ ಹಳದಿ ಬೆರೆತ ಬಿಳಿಯನ್ನೇ ಆರಿಸಿ.

ಮೊನ್ನೆಯ ಕಾರಿಗೆ ಕೊನೆಗೆ ಹೋದದ್ದು ಒಂದು ಅರ್ತ್ ವೈರು, ಬಿಳಿ ಬಣ್ಣ ಮತ್ತು ಹೊಸ 2.2 ವ್ಯಾಟಿನ ಬಲ್ಬುಗಳು. ಕತ್ತಲಾದ ಮೇಲೆ ಇಬ್ಬರೂ ಬೀದಿದೀಪವಿಲ್ಲದ ರಸ್ತೆಗೆ ಹೋದೆವು. ಮಾಲೀಕರು ಡಿಮ್ಮರನ್ನು ಪೂರ್ತಿ ತಿರುಗಿಸಿ ಹಿಗ್ಗಿದರು. ಒಂದು ಕಿಲೋಮೀಟರ್ ದಾಟುವಷ್ಟರಲ್ಲಿ ಅವರ ಕೈ ತಾನಾಗಿಯೇ ಗುಂಡಿಗೆ ಹೋಗಿ ಅದನ್ನು ಅರ್ಧಕ್ಕೆ ಇಳಿಸಿತು.