ಮುತ್ತಜ್ಜನ ಅಪ್ಪ ಜೈಲಿಗೆ ಹೋಗಿದ್ದರಂತೆ, ದಾಖಲೆ ಎಲ್ಲಿದೆ?

ಪ್ರಶ್ನೆ: ನಮ್ಮ ಯಜಮಾನರು ಇಂಗ್ಲೆಂಡಿನವರು, ಊರು ಲೀಡ್ಸ್. ಅವರ ಮುತ್ತಜ್ಜನ ಅಪ್ಪ 1870ರ ಸುಮಾರಿಗೆ ಕಳ್ಳತನ ಮಾಡಿ ಜೈಲು ಸೇರಿದ್ದರಂತೆ. ಓಲ್ಡ್ ಬೇಲಿ ವೆಬ್‌ಸೈಟಿನಲ್ಲಿ ಹುಡುಕಿದರೆ ಹೆಸರೇ ಇಲ್ಲ. ಈ ಕತೆ ಸುಳ್ಳಾ?

ಸುಳ್ಳು ಅಂತ ಈಗಲೇ ಹೇಳಬೇಡಿ. ಓಲ್ಡ್ ಬೇಲಿ ಲಂಡನ್ನಿನ ಕೋರ್ಟು. ಲೀಡ್ಸಿನ ಕಳ್ಳತನದ ಕೇಸು ಅಲ್ಲಿಗೆ ಯಾಕೆ ಹೋಗುತ್ತೆ? ಆ ವೆಬ್‌ಸೈಟು ಪುಕ್ಕಟೆ, ಹುಡುಕೋದೂ ಸುಲಭ. ಅದಕ್ಕೇ ಎಲ್ಲರೂ ಮೊದಲು ಅಲ್ಲಿಗೇ ಓಡುತ್ತಾರೆ.

ಮೊದಲು ಗೊತ್ತಾಗಬೇಕಾದ್ದು ಯಾವ ಕೋರ್ಟು ಅನ್ನೋದು. ದೊಡ್ಡ ಅಪರಾಧಗಳು ಅಸೈಜ್ ಕೋರ್ಟಿಗೆ, ನಡುವಿನವು ವರ್ಷಕ್ಕೆ ನಾಲ್ಕು ಸಲ ಕೂರುತ್ತಿದ್ದ ಕ್ವಾರ್ಟರ್ ಸೆಷನ್ಸಿಗೆ, ಸಣ್ಣಪುಟ್ಟವು ಸ್ಥಳೀಯ ಮ್ಯಾಜಿಸ್ಟ್ರೇಟರ ಮುಂದೆ. ಮೊದಲಿನ ಎರಡಾದರೆ ಕ್ರಿಮಿನಲ್ ರಿಜಿಸ್ಟರುಗಳನ್ನು ನೋಡಿ. ಲಂಡನ್ನಿನ ಕ್ಯೂ ಅನ್ನೋ ಜಾಗದಲ್ಲಿರುವ ನ್ಯಾಷನಲ್ ಆರ್ಕೈವ್ಸಿನ (ಸರ್ಕಾರಿ ದಾಖಲೆಗಳ ಸಂಗ್ರಹಾಲಯ) ಎಚ್‌ಒ 27 ಸರಣಿಯಲ್ಲಿ 1805ರಿಂದ 1892ರವರೆಗಿನ ಹೆಸರುಗಳು ಕೌಂಟಿವಾರು ಇವೆ. ಹೆಸರು, ಅಪರಾಧ, ತೀರ್ಪು, ಅಷ್ಟೇ. ತಪ್ಪಿತಸ್ಥರಲ್ಲ ಅಂತ ಕೋರ್ಟು ಬಿಟ್ಟುಬಿಟ್ಟವರ ಹೆಸರೂ ಅಲ್ಲೇ ಇರುತ್ತೆ. ಹೆಸರು ಕಂಡ ಕೂಡಲೇ ಶಿಕ್ಷೆಯಾಯ್ತು ಅಂದುಕೊಳ್ಳಬೇಡಿ.

ಅಲ್ಲೂ ಇಲ್ಲವಾ? ಹಾಗಾದರೆ ಕೇಸು ಮ್ಯಾಜಿಸ್ಟ್ರೇಟರ ಮುಂದೆಯೇ ಮುಗಿದಿರಬಹುದು. 5 ಶಿಲಿಂಗಿಗಿಂತ ಕಡಿಮೆ ಬೆಲೆಯ ಕಳ್ಳತನವಾದರೆ, ಅಲ್ಲೇ ವಿಚಾರಣೆ ಆಗಲಿ ಅಂತ ಆರೋಪಿ ಒಪ್ಪಿದರೆ, ಮ್ಯಾಜಿಸ್ಟ್ರೇಟರೇ ವಿಚಾರಿಸಬಹುದು ಅಂತ 1855ರಲ್ಲಿ ಕಾನೂನು ಬಂತು. ಇಂಥ ಕೇಸುಗಳಿಗೆ ಲೀಡ್ಸಿನ ಹತ್ತಿರದ ವೇಕ್‌ಫೀಲ್ಡಿನ ವೆಸ್ಟ್ ಯಾರ್ಕ್‌ಶೈರ್ ಆರ್ಕೈವ್ಸಿಗೆ ಬರೆದು ವಿಚಾರಿಸಿ. ಹಳೇ ಪತ್ರಿಕೆಗಳನ್ನೂ ನೋಡಿ. ಕೋರ್ಟಿನ ಕಡತದಲ್ಲಿ ಯಾರು ಏನು ಹೇಳಿದರು ಅನ್ನೋದು ಸಾಮಾನ್ಯವಾಗಿ ಉಳಿದಿರಲ್ಲ. ಆ ಸ್ವಾರಸ್ಯವೆಲ್ಲ ಪತ್ರಿಕೆಯ ವರದಿಯಲ್ಲೇ ಸಿಗೋದು.

ಶಿಕ್ಷೆ 5 ವರ್ಷ ಅಥವಾ ಜಾಸ್ತಿ ಇದ್ದರೆ ಮಾತ್ರ ನಿಮ್ಮ ಅದೃಷ್ಟ (ಅವರ ದುರದೃಷ್ಟ, ಬಿಡಿ). ಅಂಥ ಕೈದಿಗಳನ್ನು ಅವಧಿಗೆ ಮುಂಚೆ ಷರತ್ತಿನ ಮೇಲೆ ಬಿಡುತ್ತಿದ್ದರು. ಆ ಬಿಡುಗಡೆಗೆ ಲೈಸೆನ್ಸ್ ಅಂತ ಹೆಸರು. ಅದರ ಕಡತಗಳು ನ್ಯಾಷನಲ್ ಆರ್ಕೈವ್ಸಿನಲ್ಲೇ ಇವೆ, ಗಂಡಸರದ್ದು ಪಿಕಾಮ್ 3 ಸರಣಿಯಲ್ಲಿ, ಹೆಂಗಸರದ್ದು ಪಿಕಾಮ್ 4ರಲ್ಲಿ. ಎಲ್ಲರದ್ದೂ ಉಳಿದಿಲ್ಲ. ಉಳಿದಿದ್ದರೆ ಎತ್ತರ, ಕಣ್ಣಿನ ಬಣ್ಣ, ಮೈಮೇಲಿನ ಗಾಯದ ಕಲೆ, ಹಚ್ಚೆ, ಹಳೇ ಕೇಸುಗಳು, ಕಾಯಿಲೆ, ಜೈಲಿನಲ್ಲಿ ಮಾಡಿದ ತಪ್ಪುಗಳು, ಯಾರಿಗೆ ಕಾಗದ ಬರೆದರು, ಎಲ್ಲವೂ ಸಿಗಬಹುದು. ಕೆಲವದರಲ್ಲಿ ಫೋಟೋ ಕೂಡ ಇದೆ. ಮರ್ಯಾದೆಯಾಗಿ ಬಾಳಿದ ಬಡವನ ಬಗ್ಗೆ ಆ ಸರ್ಕಾರ ಇದರ ಕಾಲು ಭಾಗವನ್ನೂ ಬರೆದಿಡಲಿಲ್ಲ.

ಇವುಗಳಲ್ಲಿ ಬಹಳಷ್ಟು ಆನ್ಸೆಸ್ಟ್ರಿ, ಫೈಂಡ್‌ಮೈಪಾಸ್ಟ್ ತಾಣಗಳಲ್ಲಿವೆ. ದುಡ್ಡು ಕಟ್ಟಬೇಕು.

ಇನ್ನೊಂದು ವಿಷಯ. ಒಂದೇ ಹೆಸರಿನವರು ಊರಿಗೆ ಹತ್ತು ಜನ ಇರುತ್ತಿದ್ದರು. ವಯಸ್ಸು, ಕಸುಬು, ಹೆಂಡತಿಯ ಹೆಸರು ಇವನ್ನೆಲ್ಲ 1871ರ ಜನಗಣತಿಯ ಜೊತೆ ತಾಳೆ ನೋಡಿ. ಗಣತಿ ನಡೆದ ಏಪ್ರಿಲ್ 2ರ ರಾತ್ರಿ ಅವರು ಜೈಲಿನಲ್ಲೇ ಇದ್ದರೆ ಪೂರ್ತಿ ಹೆಸರಿಗೆ ಹುಡುಕಿದರೆ ಸಿಗದೇ ಇರಬಹುದು. ಎಷ್ಟೋ ಜೈಲುಗಳು ಕೈದಿಗಳನ್ನು ಬರೀ ಇನಿಷಿಯಲ್ಲಿನಲ್ಲಿ ಬರೆಸಿವೆ.