ಅಸ್ಪಷ್ಟ ತರ್ಕ: ರೈಲು ಎಂಜಿನ್ನಿಗೆ ‘ಸ್ವಲ್ಪ’ ಎಂದರೆ ಎಷ್ಟು?

ತೋರಣಗಲ್ಲಿನ ಕಡೆಗೆ ಅದಿರು ಹೊತ್ತ ಗೂಡ್ಸ್ ರೈಲು ನಿಂತಲ್ಲಿಂದ ಹೊರಡುವಾಗ, ಅದರಲ್ಲೂ ಮೊದಲ ತುಂತುರು ಮಳೆ ಹಳಿಯ ಮೇಲಿನ ಕೆಂಧೂಳನ್ನು ಜಾರುವ ಪದರವಾಗಿಸಿದ ದಿನ, ವಿದ್ಯುತ್ ಎಂಜಿನ್ನಿನ ಗಾಲಿಗಳು ಮುಂದೆ ಸಾಗದೆ ಇದ್ದಲ್ಲೇ ಗಿರ್ರನೆ ತಿರುಗುವುದುಂಟು. ಉಕ್ಕಿಗೆ ಉಕ್ಕಿನ ಹಿಡಿತವೇ ಅಷ್ಟು: ಒಣ ಹಳಿಯ ಮೇಲೂ ಎಂಜಿನ್ನಿನ ತೂಕದ ಸುಮಾರು ಮೂರರಲ್ಲೊಂದು ಪಾಲಿನಷ್ಟು ಎಳೆತವನ್ನಷ್ಟೇ ಅದು ತಾಳೀತು. ಅನುಭವಿ ಲೋಕೊ ಪೈಲಟ್ ಒಬ್ಬರು ‘ಗಾಲಿ ಸ್ವಲ್ಪ ಜಾರಾಕತ್ತಾವ, ಭಾಳ ಕೊಡಬಾರದು’ ಎಂದುಕೊಂಡು ಎಳೆತ ತಗ್ಗಿಸಿ, ಹಳಿಗೆ ಮರಳು ಬಿಡುತ್ತಾರೆ. ಈ ‘ಸ್ವಲ್ಪ’, ‘ಭಾಳ’ಗಳನ್ನು ಯಂತ್ರ ಲೆಕ್ಕ ಹಾಕಬಲ್ಲಂತೆ ಮಾಡುವ ಗಣಿತವೇ ಅಸ್ಪಷ್ಟ ತರ್ಕ, ಅಂದರೆ ಫಜಿ ಲಾಜಿಕ್.

ಇದರ ಬುನಾದಿಯನ್ನು 1965ರಲ್ಲಿ ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಲೋಟ್ಫಿ ಜಾದೆ ಹಾಕಿದರು. ಗಣಿತದ ಸಾಮಾನ್ಯ ಗಣದಲ್ಲಿ (ಸೆಟ್) ಒಂದು ವಸ್ತು ಒಳಗಿರುತ್ತದೆ, ಇಲ್ಲವೇ ಹೊರಗಿರುತ್ತದೆ. ಜಾದೆಯವರ ಗಣದಲ್ಲಿ ಸದಸ್ಯತ್ವವು 0ಯಿಂದ 1ರವರೆಗಿನ ಯಾವ ಬೆಲೆಯನ್ನಾದರೂ ಪಡೆಯಬಹುದು. ಎಂಜಿನ್ನಿಗೆ ಇದು ಹೇಳಿ ಮಾಡಿಸಿದಂತಿದೆ, ಏಕೆಂದರೆ ಗಾಲಿ ಒಂದಿಷ್ಟೂ ಜಾರದಿದ್ದರೆ ಎಳೆತವೇ ಹುಟ್ಟದು, ಹೆಚ್ಚು ಜಾರಿದರೆ ಹಿಡಿತವೇ ತಪ್ಪುತ್ತದೆ, ಇವೆರಡರ ನಡುವೆ ಗೆರೆ ಎಳೆದು ತೋರಿಸುವಂಥ ಗಡಿ ಇಲ್ಲ.

ಒಂದು ಕಲ್ಪಿತ ಲೆಕ್ಕ ನೋಡೋಣ. ಗಾಲಿಯ ವೇಗವು ರೈಲಿನ ವೇಗಕ್ಕಿಂತ ಶೇ. 2ರಷ್ಟು ಹೆಚ್ಚಿದ್ದರೆ ಜಾರಿಕೆ ಪೂರ್ತಿ ‘ಸ್ವಲ್ಪ’, ಶೇ. 6ರಷ್ಟಿದ್ದರೆ ಪೂರ್ತಿ ‘ಭಾಳ’, ಇವೆರಡರ ನಡುವೆ ಮೊದಲನೆಯದು ಸಮನಾಗಿ ಇಳಿಯುತ್ತ ಎರಡನೆಯದು ಏರುತ್ತದೆ ಎಂದಿರಲಿ. ಶೇ. 3ರ ಜಾರಿಕೆಯು ಆಗ 0.75ರಷ್ಟು ‘ಸ್ವಲ್ಪ’, 0.25ರಷ್ಟು ‘ಭಾಳ’. ಜಾರಿಕೆ ಸ್ವಲ್ಪವಿದ್ದರೆ ಎಳೆತವನ್ನು 8 ಕಿಲೊನ್ಯೂಟನ್ ಏರಿಸು, ಭಾಳವಿದ್ದರೆ 24 ಇಳಿಸು ಎಂಬ ಎರಡು ನಿಯಮಗಳು ಒಟ್ಟಿಗೇ, ತಮ್ಮ ತಮ್ಮ ಪಾಲಿನಷ್ಟು ಅನ್ವಯವಾಗುತ್ತವೆ: ಏರಿಕೆ 6, ಇಳಿಕೆಯೂ 6. ಅಂದರೆ ಎಳೆತವನ್ನು ಇದ್ದಂತೆಯೇ ಇಡಬೇಕು. ಅಸ್ಪಷ್ಟವಾದದ್ದು ಮಾತಿನ ಅಂಚು ಮಾತ್ರ. ಮೋಟಾರಿಗೆ ಹೋಗುವ ಆದೇಶ ಖಚಿತವಾದ ಸಂಖ್ಯೆಯೇ. (ಈ ಹೆಸರೇ ಹಲವರನ್ನು ದಾರಿ ತಪ್ಪಿಸಿದೆ ಎಂದು ನನಗನ್ನಿಸುತ್ತದೆ.) ಈ 0.25 ಸಂಭವನೀಯತೆಯೂ ಅಲ್ಲ: ಗಾಲಿ ಜಾರೀತೋ ಇಲ್ಲವೋ ಎಂಬ ಊಹೆ ಇಲ್ಲಿಲ್ಲ, ಅದು ಜಾರುತ್ತಲೇ ಇದೆ.

ಜಪಾನಿನ ಸೆಂಡೈ ನಗರದ ಸುರಂಗ ರೈಲು 1987ರಿಂದ ವೇಗ ಹೆಚ್ಚಿಸಲು, ಬ್ರೇಕ್ ಹಾಕಲು ಈ ವಿಧಾನವನ್ನು ಬಳಸಿತು. ನಮ್ಮ ಅದಿರು ಗಾಡಿಗಳ ಎಂಜಿನ್‌ಗಳೆಲ್ಲ ಹೀಗೆಯೇ ನಡೆಯುತ್ತವೆ ಎಂದು ಇದರರ್ಥವಲ್ಲ. ಜಾರಿಕೆ ತಡೆಯಲು ಬೇರೆ ವಿಧಾನಗಳೂ ಇವೆ. ಅಸ್ಪಷ್ಟ ತರ್ಕದ ನಿಜವಾದ ಕಷ್ಟವಿರುವುದು ಮೇಲಿನ 2 ಮತ್ತು 6ರಂಥ ಅಂಕಿಗಳನ್ನು ಆರಿಸುವುದರಲ್ಲಿ: ಒಣ ಹಳಿಗೆ ಹೊಂದಿಸಿದ ಅಂಕಿಗಳು ತುಂತುರು ಮಳೆಯ ದಿನ ಕೈಕೊಡಬಹುದು.